ಕೆಂಪು ಬಟ್ಟೆಯ ಕತ್ತಿ

ತಮಟೆಯ ಸದ್ದು ಕೇಳಿದಾಗ ಓಬಳಮ್ಮ ರಾಗಿ ಬೀಸುತ್ತಿದ್ದಳು. ಬೆಳಗಿನ ಹೊತ್ತು ತಮಟೆ ಬಡಿಯಿತೆಂದರೆ ಕಲ್ಲುಕುಂಟೆಗೆ ಏನೋ ಒಕ್ಕರಿಸಿತೆಂದೇ ಅರ್ಥ. ಒಂದೋ ಕಂದಾಯದವರು ಬಂದಿರಬೇಕು, ಇಲ್ಲವೇ ಸಿಡುಬಿನ ದಾಕು ಹಾಕುವವರು. ಅವಳು ಬೀಸುವ ಕಲ್ಲಿನ ಗೂಟ ಬಿಟ್ಟು ಕಿವಿಗೊಟ್ಟಳು.

“ಕೇಳ್ರಪ್ಪೋ, ಪಂಚಾಯ್ತಿ ಠರಾವಾಗೈತೆ. ಹೋಟ್ಲಾಗ್ಲಿ, ಅಂಗ್ಡಿಯಾಗ್ಲಿ, ಬಾವಿಯಾಗ್ಲಿ, ಚೌರದ ಕೆಲ್ಸಾಗ್ಲಿ, ಹರಿಜನ ಅಂತ ಯಾರ್ನೂ ದೂರ ಇಡಂಗಿಲ್ಲ. ಇಟ್ಟೋರ್ ಮ್ಯಾಲೆ ಕೇಸು ಹಾಕ್ತಾರೆ, ಜೈಲಾಗ್ತದೆ. ಕೇಳ್ರಪ್ಪೋ...”

ಕಾಯ್ದೆ ಬಂದು ಐದಾರು ವರ್ಷವಾಗಿತ್ತಂತೆ. ದಿಲ್ಲಿಯಿಂದ ಕಲ್ಲುಕುಂಟೆಗೆ ಬರಲು ಅದಕ್ಕೆ ಅಷ್ಟು ಕಾಲ ಹಿಡಿದಿತ್ತು. ಹೊಸ ಪಂಚಾಯ್ತಿ ಚುನಾವಣೆಯಾಗಿ, ಕದರಪ್ಪಗೌಡ ಚೇರ್ಮನ್ನಾಗಿ, ಮಧುಗಿರಿಯ ಬ್ಲಾಕ್ ಸಾಹೇಬರು ಬಂದು ‘ಇದನ್ನೆಲ್ಲ ಇನ್ನು ಪಂಚಾಯ್ತಿಯೇ ನೋಡಿಕೊಳ್ಳಬೇಕು’ ಎಂದು ಹೇಳಿ ಹೋದ ಮೇಲೆ ತಮಟೆಗೆ ಬಾಯಿ ಬಂದಿತ್ತು. ಬಂದ ಕಾಯ್ದೆ ಊರಲ್ಲಿ ಎಲ್ಲಿ ಕೂರಬೇಕು? ಹೋಟೆಲ್ಲು ಇರಲೇ ಇಲ್ಲ. ಇದ್ದ ಒಂದು ಅಂಗಡಿ ಚೇರ್ಮನ್ನರ ತಮ್ಮನದು. ಬಾವಿ ಗೌಡರ ಬೀದಿಯಲ್ಲಿ, ಚೇರ್ಮನ್ನರ ಮನೆಯೆದುರಿಗೇ. ಉಳಿದದ್ದು ಕೆಲಸಿ ಮೂಡಲಗಿರಿಯಪ್ಪನ ಜಗಲಿ ಒಂದೇ. ಊರಿಗೆಲ್ಲ ಕ್ಷೌರ ಮಾಡುವವನು ಅವನು; ಓಬಳಮ್ಮ ಅವನ ಹೆಂಡತಿ. ಊರಿನ ಸೂಲಗಿತ್ತಿಯೂ ಅವಳೇ.

ತಮಟೆಯವನು ಬೇರೆಲ್ಲ ಮನೆಗಳನ್ನು ದಾಟಿ ಅವಳ ಬಾಗಿಲಲ್ಲಿ ತುಸು ಹೆಚ್ಚೇ ನಿಂತು ಬಡಿದ. ಅವನೂ ಕೆಳಗಿನ ಹರಿಜನ ಕೇರಿಯವನೇ. ಕೇರಿಯವರು ಒಬ್ಬರಿಗೊಬ್ಬರು ತಾವೇ ಕೆರೆದುಕೊಳ್ಳುತ್ತಿದ್ದುದರಿಂದ ಅವನ ಗಡ್ಡದಲ್ಲಿ ಗಾಯದ ಗುರುತುಗಳು ಕಾಣುತ್ತಿದ್ದವು.

“ಓಬಳಕ್ಕ, ಬೇಜಾರ್ ಮಾಡ್ಕಬ್ಯಾಡ. ಇಲ್ಲಿ ಜೋರಾಗಿ ಬಡಿ ಅಂದವ್ರೆ,” ಎಂದ ತಗ್ಗಿದ ದನಿಯಲ್ಲಿ.

“ನಿಂದೇನೈತೆ ಬುಡಪ್ಪ,” ಎಂದಳು ಓಬಳಮ್ಮ. ಒಳಗೆ ಬಂದು ಮತ್ತೆ ಕಲ್ಲಿನ ಮುಂದೆ ಕೂತಳು. ಕೋಳಿಯನ್ನು ಕೇಳಿ ಯಾರೂ ಮಸಾಲೆ ಅರೆಯುವುದಿಲ್ಲ. ಹಾಗೆಯೇ ಠರಾವು ಮಾಡಿದವರು ಕೆಲಸಿಯನ್ನು ಒಂದು ಮಾತು ಕೇಳಿರಲಿಲ್ಲ.

ಮಧ್ಯಾಹ್ನ ಮೂಡಲಗಿರಿಯಪ್ಪ ಮನೆಗೆ ಬಂದ. ಕತ್ತಿ ಕತ್ತರಿಗಳ ಹಡಪವನ್ನು ಗೂಟಕ್ಕೆ ನೇತುಹಾಕಿ, ಕೈಕಾಲು ತೊಳೆದು, ಮುದ್ದೆಯ ಮುಂದೆ ಕೂತವನು ಹುರುಳಿ ಸಾರಿಗೆ ಬೆರಳು ಅದ್ದಿ ಹಾಗೆಯೇ ಇದ್ದ. ಸೊಸೆ ರಾಮಾಂಜಿನಮ್ಮ ಬಾಗಿಲ ಮರೆಯಲ್ಲಿ ನಿಂತಳು. ಪಾವಗಡದ ಕಡೆಯ ಬಲಸಮುದ್ರದ ಹುಡುಗಿ ಅವಳು, ಮಾತಿನಲ್ಲಿ ತೆಲುಗು ಇಣುಕುತ್ತಿತ್ತು.

“ಉಣ್ಣು. ಮುದ್ದೆ ಆರ್ತದೆ,” ಎಂದಳು ಓಬಳಮ್ಮ.

“ಉಣ್ತೀನಿ. ಚೇರ್ಮನ್ ಗೌಡ್ರು ಕರೆಸಿದ್ರು.”

“ಏನಂದ್ರು?”

“ಯಾವ ಬಾಯಾಗಂದದ್ದು ಹೇಳ್ಲಿ? ಆಪೀಸ್ನಾಗೆ, ಸೆಕ್ರೆಟ್ರಿ ಮುಂದೆ, ‘ಸೋಮ್ವಾರದಿಂದ ಕೇರಿಯೋರ್ಗೂ ಚೌರ ಮಾಡ್ಬೇಕು ಕಣ್ಲಾ, ಮಾಡ್ದಿದ್ರೆ ನಾನೇ ನಿನ್ ಮ್ಯಾಲೆ ಬರ್ದು ಕಳಿಸ್ತೀನಿ’ ಅಂದ್ರು. ಸರಿ ಬುದ್ಧಿ ಅಂದೆ. ಆಮೇಲೆ ಅವ್ರ ಜಗ್ಲಿ ಮ್ಯಾಲೆ ಗಡ್ಡ ಮಾಡ್ತಿದ್ನಲ್ಲ, ಆಗ ಕಿವೀಲಿ ಹೇಳಿದ್ರು. ‘ಅವ್ರ ಕೆನ್ನೆ ಮ್ಯಾಲೆ ಆಡಿದ್ ಕತ್ತಿ ನನ್ ಕೆನ್ನೆಗೆ ಬಂದ್ರೆ, ಸುಗ್ಗೀಲಿ ನಮ್ ಯಾರ ಕಣಕ್ಕೂ ಬರ್ಬ್ಯಾಡ’ ಅಂತ.”

ಓಬಳಮ್ಮ ಮೂಲೆಯ ಕಡೆ ನೋಡಿದಳು. ವರ್ಷವಿಡೀ ಊರವರ ತಲೆ ಗಡ್ಡ ನೋಡಿಕೊಂಡದ್ದಕ್ಕೆ ಅವರಿಗೆ ಸಿಗುತ್ತಿದ್ದುದು ಸುಗ್ಗಿಯಲ್ಲಿ ಒಂದೊಂದು ಕಣದಿಂದ ಅಳೆದು ಹಾಕುವ ಆಯದ ರಾಗಿ. ಆ ಮೂಲೆಯಲ್ಲಿದ್ದ ಕಾಳಿನ ವಾಡೆ ತುಂಬುವುದು ಅದರಿಂದಲೇ. ಹೊಲ ಇಲ್ಲ, ದನ ಇಲ್ಲ. ಆಯ ನಿಂತರೆ ಒಲೆ ನಿಂತಂತೆ. ಠರಾವು ಮುರಿದರೆ ಗಂಡ ಜೈಲಿಗೆ, ನಡೆಸಿದರೆ ಹೊಟ್ಟೆಗೆ ತಣ್ಣೀರು ಬಟ್ಟೆ. ಅತ್ತ ದರಿ, ಇತ್ತ ಪುಲಿ.

“ಅದ್ಕೆ ಅವ್ರೇ ಒಂದ್ ದಾರಿ ಹೇಳಿದ್ರು,” ಎಂದ ಮೂಡಲಗಿರಿಯಪ್ಪ. “ಇನ್ನೊಂದ್ ಕತ್ತಿ ಮಡಿಕ್ಕೊ ಅಂದ್ರು. ಅದು ಕೇರಿಗೆ, ಇದು ಊರ್ಗೆ. ಕಾಯ್ದೆನೂ ಉಳಿತು, ಕೆನ್ನೆನೂ ಉಳಿತು.”

ಸಂಜೆ ಮಗ ಮುದ್ದರಂಗ ಬಂದಾಗ ಜಗಳವಾಯಿತು. ಅವನು ಬಡವನಹಳ್ಳಿಯಲ್ಲಿ, ಸಿರಾದ ಖಲೀಲುಲ್ಲಾ ಸಾಬರು ಇಟ್ಟಿದ್ದ ಕ್ಷೌರದ ಅಂಗಡಿಯಲ್ಲಿ ಕೆಲಸಕ್ಕಿದ್ದ. ದಿನವೂ ನಡೆದು ಹೋಗಿ ನಡೆದು ಬರುತ್ತಿದ್ದ. ತಿರುಗುವ ಕುರ್ಚಿಯ ಹಿಂದೆ ನಿಂತು ಕಲಿತವನಿಗೆ ಅಪ್ಪನ ಹಡಪ ಕಂಡರೆ ಸಸಾರ.

“ಎರಡ್ ಕತ್ತಿ ಯಾತಕ್ಕಪ್ಪ? ನಮ್ ಅಂಗ್ಡೀಲಿ ಬಂದೋರೆಲ್ಲಾ ಒಂದೇ ಕುರ್ಚೀಲಿ ಕೂರ್ತಾರೆ. ಸಂತೆ ದಿನ ಈ ಊರ್ ಗೌಡ್ರೇ ಬತ್ತಾರೆ. ಮುಂಚೆ ಕೂತಿದ್ದೋನು ಯಾವೂರೋನು, ಯಾವ್ ಜಾತಿ, ಒಬ್ರಾದ್ರೂ ಕೇಳಿಲ್ಲ.”

“ಸಂತೇಲಿ ಕಣ್ಮುಚ್ಕಂಡ್ ಉಂಡಂಗೆ ಊರ್ನಾಗ್ ಉಣ್ಣಕ್ಕಾಗ್ತದೇನ್ಲಾ?”

“ಅಂಗಾದ್ರೆ ಬುಟ್ಬುಡು ಈ ಊರ. ಸಾಬ್ರು ಇನ್ನೊಂದ್ ಕುರ್ಚಿ ಹಾಕ್ತೀನಿ ಅಂತವ್ರೆ. ಬಾ ಅಲ್ಲಿಗೆ.”

“ನಮ್ಮಪ್ಪ, ಅವರಪ್ಪ ಕೂತಿದ್ ಜಗ್ಲಿ ಬುಟ್ಟು ಇನ್ನೊಬ್ರ ಅಂಗ್ಡೀಲಿ ಕೂಲಿಗ್ ನಿಂತ್ಕೊಳ್ಳಾನಾ? ಈ ವಯಸ್ನಾಗಾ?”

“ಗೌಡ್ರು ನಿನ್ನ ಜಗ್ಲಿಯಿಂದ ಒಳಕ್ ಬುಟ್ಕಂಡವ್ರಾ? ನೀನ್ ಮುಟ್ಟಿದ್ ಮೇಲೆ ಅವ್ರೂ ಸ್ನಾನ ಮಾಡೇ ಒಳಗ್ ಹೋಗೋದು. ನಿಂಗೂ ಕೇರಿಯೋರ್ಗೂ ಎಷ್ಟಪ್ಪ ವ್ಯತ್ಯಾಸ?”

ಮೂಡಲಗಿರಿಯಪ್ಪ ತಟ್ಟೆಯನ್ನು ಪಕ್ಕಕ್ಕೆ ನೂಕಿದ. ಓಬಳಮ್ಮ ಮಗನ ಕಡೆಗೆ ಕಣ್ಣು ಬಿಟ್ಟಳು. ಆಗ ಯಾರೂ ಕೇಳದಿದ್ದರೂ ರಾಮಾಂಜಿನಮ್ಮ ಬಾಯಿ ತೆರೆದಳು.

“ಮಾಮ, ಒಂದ್ ಮಾತು ಕೇಳ್ತೀನಿ. ಕತ್ತಿ ಮಸೆಯೋ ತೊಗಲ ಪಟ್ಟೆ ಐತಲ್ಲ, ಅದನ್ನ ಹದ ಮಾಡ್ಕೊಟ್ಟಿದ್ದು ಯಾರು?”

ಪಟ್ಟೆ ಬಂದಿದ್ದು ಕೇರಿಯಿಂದ. ಮೂವತ್ತು ವರ್ಷದಿಂದ ಊರ ಗೌಡರ ಕೆನ್ನೆಗೆ ಹೋಗುವ ಕತ್ತಿಯೆಲ್ಲ ಅದರ ಮೇಲೆ ಆಡಿಯೇ ಹೋಗುತ್ತಿತ್ತು. ಓಬಳಮ್ಮ, “ನಿಂಗ್ಯಾಕಮ್ಮಿ ಅದೆಲ್ಲ, ಪಾತ್ರೆ ತಗಿ,” ಎಂದಳು.

ಮಾರನೆಯ ದಿನ ಮೂಡಲಗಿರಿಯಪ್ಪ ಪೆಟ್ಟಿಗೆಯ ತಳದಿಂದ ತನ್ನಪ್ಪನ ಕತ್ತಿಯನ್ನು ತೆಗೆದ. ಇವನದೂ ಅಪ್ಪನದೂ ಎರಡೂ ಮಧುಗಿರಿಯ ಒಬ್ಬನೇ ಕಮ್ಮಾರ ಮಾಡಿದವು. ಒಂದೇ ಅಳತೆ, ಒಂದೇ ಕೊಂಬಿನ ಹಿಡಿ. ಗುರುತಿಗೆಂದು ಹಳೆಯದನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ, ಜಗಲಿಯ ಗೋಡೆಯ ಗೂಡಿನಲ್ಲಿ ಇಟ್ಟ. ಕತ್ತಿಗಳಿಗೆ ಸಾಣೆ ಹಿಡಿಯುವುದು ಆ ಮನೆಯಲ್ಲಿ ಓಬಳಮ್ಮನ ಕೆಲಸ. ಗಂಡನ ಕಣ್ಣು ಮಂಜಾದಾಗಿನಿಂದ ಅಲಗಿನ ಹದ ತಿಳಿಯುತ್ತಿದ್ದುದು ಅವಳ ಹೆಬ್ಬೆರಳಿಗೆ. ಒಂದನ್ನು ಇನ್ನೊಂದಕ್ಕೆ ತಗುಲಿಸಬೇಡವೆಂದು ಅವನು ಎರಡೆರಡು ಸಲ ಹೇಳಿದ.

ಸೋಮವಾರ ಅವನು ಪಂಚಾಯ್ತಿ ಆಫೀಸಿನ ಗೋಡೆಯ ನೆರಳಿನಲ್ಲಿ ಕೂತ. ಓಬಳಮ್ಮ ಬಿಸಿನೀರಿನ ಚೊಂಬು ಹಿಡಿದು ಜೊತೆಗೆ ಹೋದಳು. ಕೇರಿಯ ಮೂವರು ಮುದುಕರು ಹೆದರಿ ಹೆದರಿ ಬಂದು ಕೂತರು, ಕೆಂಪು ಬಟ್ಟೆಯ ಕತ್ತಿಯಲ್ಲಿ ಗಡ್ಡ ಮಾಡಿಸಿಕೊಂಡು, ಕೆನ್ನೆ ಸವರುತ್ತಾ ಎದ್ದರು. ಚೇರ್ಮನ್ ಕದರಪ್ಪ ಬಾಗಿಲಲ್ಲಿ ನಿಂತು, “ನೋಡಿದ್ರಾ, ನಮ್ಮೂರ್ನಾಗೆ ಭೇದ ಇಲ್ಲ,” ಎಂದು ಸೆಕ್ರೆಟರಿಗೆ ಹೇಳಿದ. ಇಷ್ಟರಲ್ಲೇ ಮುಗಿಯಿತಲ್ಲ ಎಂದು ಓಬಳಮ್ಮ ಉಸಿರು ಬಿಟ್ಟಳು.

ನಾಲ್ಕನೆಯವನಾಗಿ ಬಂದು ಕೂತವನು ಸಂಜೀವಯ್ಯ. ಕೇರಿಯಿಂದ ಮೀಸಲು ಸ್ಥಾನದಲ್ಲಿ ಆರಿಸಿ ಬಂದ ಪಂಚಾಯ್ತಿ ಮೆಂಬರು. ಸಭೆಯಲ್ಲಿ ಉಳಿದವರಿಗೆ ಬೆಂಚು, ಅವನಿಗೆ ಬಾಗಿಲ ಬಳಿ ಗೋಣಿತಾಟು. ಮೂಡಲಗಿರಿಯಪ್ಪ ಅವನ ಬಲಗೆನ್ನೆಯನ್ನು ನುಣ್ಣಗೆ ಮಾಡಿ ಎಡಕ್ಕೆ ತಿರುಗಿಸಿದಾಗ ಅವನ ಕಣ್ಣು ಹಡಪದ ಮೇಲೆ ಬಿತ್ತು.

“ಮೂಡ್ಲಗಿರಣ್ಣ, ಹಡಪದಾಗಿರೋ ಆ ಕತ್ತಿ ಯಾರ್ಗೆ?”

ಮೂಡಲಗಿರಿಯಪ್ಪನ ಕೈ ನಿಂತಿತು. “ಅದು... ಊರ್ಗೆ.”

“ಇದು?”

ಇವನು ಕೆಂಪು ಬಟ್ಟೆಯನ್ನು ತೊಡೆಯ ಕೆಳಗೆ ಸರಿಸಿದ. ಸಂಜೀವಯ್ಯ ಹೆಗಲ ಮೇಲಿನ ಟವಲಿನಿಂದ ನೊರೆ ಒರೆಸಿಕೊಂಡು ಎದ್ದುನಿಂತ. ಬಲಗೆನ್ನೆ ನುಣ್ಣಗಿತ್ತು, ಎಡಗೆನ್ನೆಯಲ್ಲಿ ಗಡ್ಡ ಹಾಗೇ ಇತ್ತು.

“ಕೂತ್ಕೊಳಪ್ಪ, ಅರ್ಧಕ್ಕೆ ಎದ್ದೇಳಬಾರ್ದು,” ಎಂದಳು ಓಬಳಮ್ಮ. ಅರ್ಧ ಕ್ಷೌರ ಊರಿಗೆ ಒಳ್ಳೆಯದಲ್ಲ ಎಂದೇ ಅವಳ ನಂಬಿಕೆ.

“ಕಾಯ್ದೆನೂ ಅರ್ಧನೇ ಮಾಡವ್ರೆ ಕಣಕ್ಕ. ಇಂಗೇ ಇರ್ತೀನಿ. ಬ್ಲಾಕ್ ಸಾಹೇಬ್ರು ಬರಗಂಟ ಇದನ್ನ ತೆಗಿಸಲ್ಲ. ಅವ್ರಿಗೇ ತೋರಿಸ್ತೀನಿ.”

ಅಂದಂತೆಯೇ ಮಾಡಿದ. ಅರ್ಧ ಗಡ್ಡದಲ್ಲೇ ಹೊಲಕ್ಕೆ ಹೋದ, ಅರ್ಧ ಗಡ್ಡದಲ್ಲೇ ಪಂಚಾಯ್ತಿ ಸಭೆಗೆ ಬಂದ. ನುಣುಪಾದ ಕೆನ್ನೆಯಲ್ಲಿ ಮತ್ತೆ ಕೂದಲು ಬಂದರೆ ತಾನೇ ಬ್ಲೇಡು ಹಾಕಿ ಕೆರೆದು, ಇನ್ನೊಂದನ್ನು ಬೆಳೆಯಬಿಟ್ಟ. ಹುಡುಗರು ಮೊದಲು ನಕ್ಕರು. ಆಮೇಲೆ ನಗು ನಿಂತಿತು. ಮಧುಗಿರಿಗೆ ಹೋಗಿ ಅರ್ಜಿಯನ್ನೂ ಕೊಟ್ಟು ಬಂದನೆಂದು ಸುದ್ದಿಯಾಯಿತು. ಅವನು ಎದುರಾದರೆ ಸಾಕು, ಓಬಳಮ್ಮ ಪಕ್ಕದ ಓಣಿಗೆ ತಿರುಗಿಬಿಡುತ್ತಿದ್ದಳು. ಆ ಎಡಗೆನ್ನೆಯ ಗಡ್ಡ ಉದ್ದವಾದಷ್ಟೂ ಗಂಡನ ಜೈಲು ಹತ್ತಿರವಾಗುತ್ತಿದೆ ಎಂದು ಅವಳಿಗೆ ಅನಿಸುತ್ತಿತ್ತು.

ಕಾರ್ತಿಕದ ಒಂದು ಮಧ್ಯಾಹ್ನ ಕದರಪ್ಪಗೌಡನ ಮನೆಯಿಂದ ಆಳು ಓಡಿಬಂದ. ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದ ಮಗಳು ಸಣ್ಣಕ್ಕನಿಗೆ ನೋವು ಕಾಣಿಸಿಕೊಂಡಿತ್ತು. ಮೂಡಲಗಿರಿಯಪ್ಪ ಪಕ್ಕದ ಹಳ್ಳಿಗೆ ಹೋಗಿದ್ದ. ಓಬಳಮ್ಮ ಹಿತ್ತಲಿನಲ್ಲಿ ತಲೆಗೆ ನೀರು ಹಾಕಿಕೊಳ್ಳುತ್ತಿದ್ದವಳು ಒದ್ದೆ ಕೂದಲು ಗಂಟು ಹಾಕಿಕೊಂಡೇ ಹೊರಟಳು.

“ರಾಮಾಂಜೀ, ಕತ್ತಿ ತತ್ತಾ,” ಎಂದಳು. ಹೊಕ್ಕಳ ಬಳ್ಳಿ ಕೊಯ್ಯಲು ಅವಳು ಒಯ್ಯುತ್ತಿದ್ದುದು ಗಂಡನ ಕತ್ತಿಯನ್ನೇ. ಊರಿನ ಮಕ್ಕಳನ್ನೆಲ್ಲ ತಾಯಿಯಿಂದ ಬಿಡಿಸಿದ್ದು ಅದೇ. ಸೊಸೆ ಒಳಗೆ ಹೋದಳು, ಬಂದಳು, ಮಡಿಚಿದ ಸೀರೆಯ ತುಂಡು, ಅರಿಸಿನ, ದಾರ ಎಲ್ಲವನ್ನೂ ಬುಟ್ಟಿಯಲ್ಲಿಟ್ಟು ಅತ್ತೆಯ ಕೈಗೆ ಕೊಟ್ಟಳು.

ಮಗು ಹುಟ್ಟಿದಾಗ ಅದರ ಕೊರಳಿಗೆ ಬಳ್ಳಿ ಸುತ್ತಿತ್ತು. ಮೈ ನೀಲಿಗಟ್ಟಿತ್ತು. ಓಬಳಮ್ಮ ಒಂದು ಕೈಯಲ್ಲಿ ಬಳ್ಳಿ ಸಡಿಲಿಸುತ್ತಾ ಇನ್ನೊಂದನ್ನು ಬುಟ್ಟಿಗೆ ಹಾಕಿದಳು. ಕೈಗೆ ಬಂದದ್ದು ಕೆಂಪು ಬಟ್ಟೆ.

ಹಡಪ ಗಂಡನ ಹೆಗಲ ಮೇಲಿತ್ತು. ಮನೆಯಲ್ಲಿ ಇದ್ದದ್ದು ಗೂಡಿನ ಕತ್ತಿ ಒಂದೇ. ಸೊಸೆ ಸಿಕ್ಕಿದ್ದನ್ನು ಕೊಟ್ಟಿದ್ದಳು, ಅತ್ತೆ ನೋಡದೆ ತಂದಿದ್ದಳು. ಗೌಡನ ಮುದಿ ತಾಯಿ ತಲೆಯ ಬಳಿ ಕೂತು ದೇವರ ಹೆಸರು ಹೇಳುತ್ತಿದ್ದಳು. ಮಗು ಅಳುತ್ತಿರಲಿಲ್ಲ. ಓಬಳಮ್ಮ ಬಟ್ಟೆ ಬಿಚ್ಚಿ, ಕತ್ತಿಯನ್ನು ಕುದಿಯುವ ನೀರಿಗೆ ಅದ್ದಿ ತೆಗೆದು, ದಾರ ಕಟ್ಟಿದ ಕಡೆ ಕೊಯ್ದಳು. ಮಗುವನ್ನು ತಲೆಕೆಳಗೆ ಹಿಡಿದು ಬೆನ್ನು ತಟ್ಟಿದಳು. ಅದು ಅತ್ತಿತು.

“ಗಂಡು ಕಣಮ್ಮ,” ಎಂದಳು. ಕೆಂಪು ಬಟ್ಟೆಯನ್ನು ಮುದುರಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಮನೆಗೆ ಬಂದವಳೇ ಸೊಸೆಯನ್ನು ಹಿತ್ತಲಿಗೆ ಎಳೆದೊಯ್ದಳು.

“ಏನ್ ಕೆಲ್ಸ ಮಾಡ್ದೆ ನೀನು? ಗೂಡಿಂದು ಯಾಕ್ ಕೊಟ್ಟೆ?”

“ಅಯ್ಯೋ ದೇವುಡಾ,” ಎಂದು ರಾಮಾಂಜಿನಮ್ಮ ಬಾಯಿಗೆ ಸೆರಗು ಹಿಡಿದಳು. “ಕತ್ತಿ ಅಂದ್ರಿ, ಕತ್ತಿ ಕೊಟ್ಟೆ. ಹಡಪ ಮಾಮ ತಗಂಡೋಗಿದ್ರಲ್ಲ ಅತ್ತಾ. ಮಗೀಗೆ ಏನಾದ್ರೂ ಆಯ್ತಾ?”

“ಆಗಿಲ್ಲ. ಆದ್ರೆ ಆಗ್ಬೋದು. ಯಾರ್ ತಾವೂ ಬಾಯ್ ಬುಡ್ಬ್ಯಾಡ. ನಿನ್ ಗಂಡನ್ ತಾವೂ ಬುಡ್ಬ್ಯಾಡ.”

ಅಂದಿನಿಂದ ದಿನವೂ ಬೆಳಿಗ್ಗೆ ಓಬಳಮ್ಮ ಗೌಡನ ಮನೆಗೆ ಹೋಗಿ ಬಾಣಂತಿಗೂ ಮಗುವಿಗೂ ನೀರು ಹಾಕಬೇಕಿತ್ತು. ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡಾಗ ಅವಳ ಕಣ್ಣು ಮೊದಲು ಹೋಗುತ್ತಿದ್ದುದು ಹೊಕ್ಕಳಿಗೆ. ಕೆಂಪಾಗಿದೆಯೇ, ಕೀವು ಕಟ್ಟಿದೆಯೇ, ಮುಟ್ಟಿದರೆ ಅಳುತ್ತದೆಯೇ. ಮೂವತ್ತು ವರ್ಷದಲ್ಲಿ ಎಷ್ಟೋ ಹೊಕ್ಕಳು ನೋಡಿದವಳು ಈ ಒಂದರ ಮುಂದೆ ಹೊಸಬಳಂತೆ ಹೆದರಿದಳು. ಕೇರಿಯ ಕತ್ತಿ ತಾಗಿದರೆ ಕೇಡೆಂದು ಅವಳೂ ಅರ್ಧ ನಂಬಿದ್ದಳು. ಮನೆಯಲ್ಲಿ ಸಾರಿಗೆ ಉಪ್ಪು ಎರಡು ಸಲ ಬಿತ್ತು. ಗಂಡ “ನಿನ್ ಗ್ಯಾನ ಎಲ್ಲೈತೆ?” ಎಂದು ರೇಗಿದ.

ಒಂದು ಬೆಳಿಗ್ಗೆ ನೀರು ಹಾಕುತ್ತಿದ್ದಾಗ ಒಣಗಿದ ಬಳ್ಳಿ ತಾನಾಗಿ ಅವಳ ಕೈಗೆ ಬಿತ್ತು. ಕೆಳಗೆ ಹೊಕ್ಕಳು ಸ್ವಚ್ಛವಾಗಿ ಮಾಯ್ದಿತ್ತು. ಸಣ್ಣಕ್ಕ, “ಚೆನ್ನಾಗಿ ಒಣಗೈತಾ ಓಬಳಕ್ಕ?” ಎಂದು ಕೇಳಿದಳು. “ಇಷ್ಟ್ ಚೆನ್ನಾಗಿ ಒಣಗಿದ್ದು ನಾನ್ ಕಂಡಿಲ್ಲ ಕಣವ್ವ,” ಎಂದಳು ಓಬಳಮ್ಮ. ಹೇಳುವಾಗ ಅವಳಿಗೆ ಅಳು ಬಂತು. ಖುಷಿಗೋ ಸುಸ್ತಿಗೋ ಅವಳಿಗೇ ತಿಳಿಯಲಿಲ್ಲ.

ಆ ಮಧ್ಯಾಹ್ನ ಸಾಣೆಕಲ್ಲಿನ ಮುಂದೆ ಕೂತು ಎರಡೂ ಕತ್ತಿಗಳನ್ನು ಬಿಚ್ಚಿದಳು. ಒಂದೇ ಕಲ್ಲಿನ ಮೇಲೆ, ಒಂದೇ ನೀರಿನಲ್ಲಿ ಎರಡನ್ನೂ ಮಸೆದಳು. ಒಂದನ್ನು ಕೆಂಪು ಬಟ್ಟೆಗೆ ಸುತ್ತಿದಳು, ಇನ್ನೊಂದನ್ನು ಹಡಪಕ್ಕೆ ಹಾಕಿದಳು. ಯಾವುದು ಯಾವುದು ಎಂದು ನೋಡಲಿಲ್ಲ. ಮುಂದಿನ ವಾರವೂ ನೋಡಲಿಲ್ಲ, ಅದರ ಮುಂದಿನ ವಾರವೂ ನೋಡಲಿಲ್ಲ. ಹೀಗೆ ಗೌಡರ ಕೆನ್ನೆ, ಕೇರಿಯ ಕೆನ್ನೆ ಅವಳ ಹೆಬ್ಬೆರಳಿನ ಕೆಳಗೆ ಒಂದಾಗುತ್ತಾ ಹೋದವು. ಗಂಡನಿಗೆ ಮಾತ್ರ ಹೇಳುವ ಧೈರ್ಯ ಬರಲಿಲ್ಲ. ಅವನು ದಿನವೂ ಗೂಡಿನ ಕಡೆ ಒಮ್ಮೆ ನೋಡಿ, ಕೆಂಪು ಬಟ್ಟೆ ಇದ್ದಲ್ಲೇ ಇದೆಯೆಂದು ಸಮಾಧಾನದಿಂದ ಹೊರಡುತ್ತಿದ್ದ.

ಮಾರ್ಗಶಿರ ಕಳೆಯುವ ಹೊತ್ತಿಗೆ ಬ್ಲಾಕ್ ಸಾಹೇಬರ ಜೀಪು ಬಂತು. ಪಂಚಾಯ್ತಿ ಆಫೀಸಿನ ಮುಂದೆ ಕುರ್ಚಿ ಹಾಕಿದರು. ಊರೆಲ್ಲ ನೆರೆಯಿತು. ಸಂಜೀವಯ್ಯ ಮುಂದೆ ಬಂದು ಟವಲು ತೆಗೆದು ಮುಖ ತೋರಿಸಿದ. ಸಾಹೇಬರಿಗೆ ನಗು ಬಂದಿತ್ತೇನೋ, ನುಂಗಿಕೊಂಡರು.

“ಇದೇನಪ್ಪ ಇದು?”

“ಒಂದು ಕೆನ್ನೆಗೆ ಕಾಯ್ದೆ ಸಿಕ್ತು ಸ್ವಾಮಿ, ಇನ್ನೊಂದಕ್ಕೆ ಸಿಕ್ಕಿಲ್ಲ. ನಮ್ಗೆ ಬ್ಯಾರೆ ಕತ್ತಿ ಮಡಗವ್ರೆ.”

ಸಾಹೇಬರು ಚೇರ್ಮನ್ನರ ಕಡೆ ತಿರುಗಿದರು. ಓಬಳಮ್ಮ ಹೆಂಗಸರ ನಡುವೆ ನಿಂತಿದ್ದಳು. ಗಂಡ ಹಡಪ ಹಿಡಿದು, ತಲೆ ತಗ್ಗಿಸಿ, ಕುರ್ಚಿಯ ಪಕ್ಕದಲ್ಲಿ ನಿಂತಿದ್ದ.

“ಪಂಚಾಯ್ತಿ ಠರಾವು ಮಾಡಿ ತಮಟೆ ಹೊಡೆಸಿದೀವಿ ಸಾರ್,” ಎಂದ ಕದರಪ್ಪ. “ನಮ್ ಕಡೆಯಿಂದ ಏನೂ ಲೋಪ ಇಲ್ಲ. ಈ ಕೆಲಸೀನೇ ಎರಡ್ ಕತ್ತಿ ಇಟ್ಕಂಡವ್ನೆ ಅಂತ ಈಗ ಗೊತ್ತಾಯ್ತು. ಹಳೇ ಕಾಲದೋನು, ತಿಳುವಳಿಕೆ ಇಲ್ಲ. ಕಾಯ್ದೆ ಪ್ರಕಾರ ಏನ್ ಆಗ್ಬೇಕೋ ಬರೀರಿ. ಪಂಚಾಯ್ತಿ ಸಹಿ ಹಾಕ್ತದೆ.”

ಮೂಡಲಗಿರಿಯಪ್ಪ ತಲೆಯೆತ್ತಿ ಗೌಡನನ್ನು ನೋಡಿದ. ಕಿವಿಯಲ್ಲಿ ಹೇಳಿದ ಮಾತಿಗೆ ಸಾಕ್ಷಿ ಎಲ್ಲಿಂದ ತರುವುದು? ಬಡವನ ಕೋಪ ದವಡೆಗೆ ಮೂಲ ಎಂದು ಅವನಿಗೆ ಗೊತ್ತಿತ್ತು.

“ಎರಡು ಕತ್ತಿ ಇರೋದು ನಿಜವೇನಪ್ಪ?” ಎಂದು ಸಾಹೇಬರು ಕೇಳಿದರು. “ನಿಜವಾದರೆ ಕೇಸು ಮಾಡಬೇಕಾಗುತ್ತದೆ. ಜೈಲೂ ಆಗಬಹುದು.”

ಓಬಳಮ್ಮ ಒಂದು ಗಳಿಗೆ ವಾಡೆಯನ್ನು ನೆನೆದಳು. ಸುಗ್ಗಿಗೆ ಇನ್ನೇನು ಕೆಲವೇ ದಿನ. ಬಾಯಿ ಬಿಟ್ಟರೆ ಈ ವರ್ಷದ ರಾಗಿ ಹೋಯಿತು. ಬಿಡದಿದ್ದರೆ ಗಂಡ ಹೋದ. ಅವಳು ಹೆಂಗಸರನ್ನು ಸರಿಸಿಕೊಂಡು ಮುಂದೆ ಬಂದಳು.

“ಎರಡ್ ಕತ್ತಿ ಅವೆ ಸ್ವಾಮಿ. ಆದ್ರೆ ಭೇದ ಇಲ್ಲ.”

“ಯಾರು ಈ ಹೆಂಗಸು?” ಎಂದರು ಸಾಹೇಬರು.

“ಇವನ್ ಹೆಂಡ್ತಿ ಸಾರ್. ಲೇ, ನೀನ್ ಒಳಕ್ಕೋಗು,” ಎಂದ ಕದರಪ್ಪ.

“ಒಂದ್ ಮಾತೈತೆ ಗೌಡ್ರೆ, ಹೇಳಿ ಹೋಯ್ತೀನಿ.” ಅವಳು ಸಾಹೇಬರ ಕಡೆ ತಿರುಗಿದಳು. “ಸಾಣೆ ಹಿಡಿಯೋಳು ನಾನು ಸ್ವಾಮಿ. ಒಂದ್ ತಿಂಗ್ಳಿಂದ ಯಾವ್ದು ಬಟ್ಟೇಗೆ, ಯಾವ್ದು ಹಡಪಕ್ಕೆ ಅಂತ ನೋಡೋದನ್ನೇ ಬುಟ್ಬುಟ್ಟಿವ್ನಿ. ಅದು ಇದ್ಕೆ, ಇದು ಅದ್ಕೆ. ಊರೋರ್ ಗಡ್ಡನೂ ಅದ್ರಾಗೇ ಆಗೈತೆ, ಕೇರಿಯೋರ್ದೂ ಅದ್ರಾಗೇ ಆಗೈತೆ. ಇವ್ರಿಗೆ ಗೊತ್ತಿಲ್ಲ. ಇವ್ರ ಕಣ್ಣಿಗೆ ಕಾಣಾಕಿಲ್ಲ.”

ಜನರ ಕೈಗಳು ತಂತಮ್ಮ ಕೆನ್ನೆಗೆ ಹೋದವು. ಕದರಪ್ಪನ ಕೈಯೂ ಹೋಯಿತು.

“ಸುಳ್ಳು ಹೇಳ್ತಾಳೆ ಸಾರ್. ಗಂಡನ್ನ ಉಳಿಸ್ಕಳಕೆ.”

“ಸುಳ್ಳಲ್ಲ ಗೌಡ್ರೆ. ನಿಮ್ ಮೊಮ್ಮಗನ ಹೊಕ್ಕಳ ಬಳ್ಳಿ ಕುಯ್ದಿದ್ದು ಕೆಂಪು ಬಟ್ಟೆ ಕತ್ತೀಲಿ. ಅವತ್ತು ಹಡಪ ಊರಾಗಿರ್ಲಿಲ್ಲ. ಮಗು ಉಸಿರಾಡ್ತಿರ್ಲಿಲ್ಲ. ನಾನ್ ಕುಯ್ದೆ. ಒಂಬತ್ ದಿನ ನೀರು ಹಾಕ್ತಾ ಹೊಕ್ಳು ನೋಡ್ಕಂಡು ಕೂತೆ, ಏನಾಗ್ತದೋ ಅಂತ. ಏನೂ ಆಗಲಿಲ್ಲ. ನಿಮ್ ಮಗಳನ್ನೇ ಕೇಳಿ.”

ಸಾಹೇಬರು ಚೇರ್ಮನ್ನರನ್ನು ನೋಡಿದರು. ಈಗ ಕದರಪ್ಪ ಛೇ ಎನ್ನುವಂತಿಲ್ಲ. ಹಾಗಂದರೆ ತಾನೇ ಭೇದ ಒಪ್ಪಿಕೊಂಡಂತಾಗಿ ಕಾಯ್ದೆ ಅವನ ಕೊರಳಿಗೇ ಬರುತ್ತಿತ್ತು. ಅವನು ನುಂಗಿಕೊಂಡು, “ಆಗ್ಲಿ ಬುಡಮ್ಮ, ಅದಕ್ಕೇನು,” ಎಂದ. ಆ ‘ಅದಕ್ಕೇನು’ ಎಂಬ ಮಾತು ಹೊರಗೆ ಬರಲು ಅವನಿಗೆ ಬಹಳ ಕಷ್ಟವಾಯಿತು.

ಸಾಹೇಬರು ಕೇಸು ಬರೆಯಲಿಲ್ಲ. ಸಂಜೀವಯ್ಯ ಅಲ್ಲಿಯೇ ಕೂತು ಉಳಿದ ಅರ್ಧ ಗಡ್ಡ ತೆಗೆಸಿಕೊಂಡ, ಹಡಪದೊಳಗಿನ ಕತ್ತಿಯಲ್ಲಿ. ಮೂಡಲಗಿರಿಯಪ್ಪನ ಕೈ ಎರಡು ಕಡೆ ತಪ್ಪಿ ರಕ್ತ ಬಂತು. ಸಂಜೀವಯ್ಯ ಅದನ್ನು ಟವಲಿನಿಂದ ಒರೆಸಿಕೊಂಡ. ಏಳುವಾಗ ಓಬಳಮ್ಮನ ಕಡೆ ನೋಡಿ ಕೈ ಮುಗಿದ. ಅವಳು ಮುಖ ತಿರುಗಿಸಿಕೊಂಡಳು. ಅವನಿಂದಲೇ ಅಲ್ಲವೇ ಇದೆಲ್ಲ ಎಂಬ ಸಿಟ್ಟು ಅವಳಿಗಿನ್ನೂ ಇತ್ತು.

ಜೀಪಿನ ಧೂಳು ಅಡಗುವ ಮೊದಲೇ ಮನೆಯಲ್ಲಿ ಗಂಡ ಶುರುಮಾಡಿದ.

“ನನ್ ಕತ್ತಿ. ನನ್ ಕೆಲ್ಸ. ನಂಗೇ ಹೇಳ್ದೆ ಬೆರೆಸ್ಬುಟ್ಟಲ್ಲ ನೀನು. ನಾನೂ ಅದ್ರಾಗೇ ಗಡ್ಡ ಮಾಡ್ಕಂಡಿವ್ನಿ.”

“ಮಾಡ್ಕಂಡೆ. ಏನಾಯ್ತು? ಗಡ್ಡ ಹೋಯ್ತು ತಾನೆ?”

“ಆಯ ಹೋಯ್ತು. ಅದು ಗೊತ್ತಾಗಲ್ವಾ?”

“ನೀನ್ ಉಳಿದಲ್ಲ. ಜೈಲ್ನಾಗೆ ಯಾವ ಕತ್ತಿ ಅಂತ ಕೇಳಾಕಾಗ್ತಿತ್ತಾ ನಿಂಗೆ?”

ಮುದ್ದರಂಗ ನಡುವೆ ಬಂದು, “ಅಪ್ಪ, ಸಾಬ್ರ ಕುರ್ಚಿ...” ಎನ್ನುವಷ್ಟರಲ್ಲಿ ಮೂಡಲಗಿರಿಯಪ್ಪ ಎದ್ದು ಹೊರಗೆ ಹೋದ.

ಮಾರನೆಯ ಬೆಳಿಗ್ಗೆ ಅವನು ಎಂದಿನಂತೆ ಹಡಪ ಹಿಡಿದು ಗೌಡರ ಬೀದಿಗೆ ಹೋದ. ಒಂದು ಜಗಲಿಯಲ್ಲಿ ‘ಇವತ್ತು ಶನಿವಾರ’ ಎಂದರು. ಇನ್ನೊಂದರಲ್ಲಿ ‘ಮನೇಲಿ ಸೂತಕ’ ಎಂದರು. ಮೂರನೆಯದರಲ್ಲಿ ಬಾಗಿಲೇ ತೆರೆಯಲಿಲ್ಲ. ಹಡಪ ಬಿಚ್ಚದೆ ಮರಳಿದ. ಅಂಥ ಶನಿವಾರಗಳೂ ಸೂತಕಗಳೂ ಸುಗ್ಗಿಯವರೆಗೂ ನಡೆದವು. ಕಣ ಮಾಡುವ ಕಾಲ ಬಂತು. ಓಬಳಮ್ಮ ಮಡಿಚಿದ ಗೋಣಿಚೀಲ ಹಿಡಿದು ಗಂಡನ ಹಿಂದೆ ಹೋದಳು. ರಾಗಿಯ ರಾಶಿಯ ಪಕ್ಕದಲ್ಲಿ ನಿಂತವರು ತೂರುವುದರಲ್ಲೇ ಮಗ್ನರಾದರು. ಹೊಟ್ಟು ಹಾರಿ ಇವರ ತಲೆಯ ಮೇಲೆ ಬಿತ್ತು. ಕಮ್ಮಾರ ಬಂದ, ಬಡಗಿ ಬಂದ, ತಮ್ಮ ಆಯ ಹೊತ್ತುಕೊಂಡು ಹೋದರು. ಇವರ ಚೀಲವನ್ನು ಯಾರೂ ಕೇಳಲಿಲ್ಲ. ನಿಂತು ನಿಂತು ಮೂಡಲಗಿರಿಯಪ್ಪನೇ ಹೆಂಡತಿಯ ಕೈಯಿಂದ ಚೀಲ ತೆಗೆದುಕೊಂಡು ಹೆಗಲಿಗೆ ಹಾಕಿದ.

“ನಡಿ,” ಎಂದ. ಅಷ್ಟು ದಿನದಲ್ಲಿ ಅವಳೊಂದಿಗೆ ಅವನು ಆಡಿದ ಮೊದಲ ಮೆತ್ತನೆಯ ಮಾತು ಅದು.

ಆ ವಾರವೇ ಅವನು ಮಗನ ಜೊತೆ ಬಡವನಹಳ್ಳಿಗೆ ಹೊರಟ. ಖಲೀಲುಲ್ಲಾ ಸಾಬರು ಎರಡನೆಯ ಕುರ್ಚಿ ಹಾಕಿಸಿದ್ದರು. “ಆವೋ ಭಾಯಿ, ಕೂತ್ಕೊಂಡು ಮಾಡ್ತಿದ್ದೋರು ನಿಂತ್ಕೊಂಡು ಮಾಡೋದು ಕಲೀಬೇಕು, ಬಸ್,” ಎಂದರು. ಎರಡು ದಿನ ಅವನ ಸೊಂಟ ಹಿಡಿದುಕೊಂಡಿತು. ರಾಮಾಂಜಿನಮ್ಮ ರಾತ್ರಿಯ ಅಂಬಲಿಯನ್ನು ನೀರಾಗಿಸಿ ಎಲ್ಲರಿಗೂ ಸರಿ ಮಾಡುತ್ತಿದ್ದಳು. ತನಗೆ ಹಸಿವಿಲ್ಲವೆಂದು ಅತ್ತೆ ಹೇಳಿದರೆ ನಂಬುತ್ತಿರಲಿಲ್ಲ.

ಸಂತೆಯ ದಿನ ಓಬಳಮ್ಮ ಬುತ್ತಿ ಹೊತ್ತುಕೊಂಡು ಬಡವನಹಳ್ಳಿಗೆ ಹೋದಳು. ಅಂಗಡಿಯ ಬೆಂಚಿನ ಮೇಲೆ ಜನ ಸಾಲಾಗಿ ಕೂತಿದ್ದರು. ಗಂಡನ ಕುರ್ಚಿಯಲ್ಲಿ ಸಂಜೀವಯ್ಯನಿದ್ದ, ಎರಡೂ ಕೆನ್ನೆಗೆ ನೊರೆ ಹಚ್ಚಿಸಿಕೊಂಡು. ಅವಳು ಬುತ್ತಿ ಇಳಿಸುವಷ್ಟರಲ್ಲಿ ಬಾಗಿಲಿಗೆ ನೆರಳು ಬಿತ್ತು. ಕದರಪ್ಪಗೌಡ. ಗಡ್ಡ ಬೆಳೆದು ಮುಖದ ಗುರುತೇ ಸಿಗುತ್ತಿರಲಿಲ್ಲ. ಮರುದಿನ ಮಧುಗಿರಿಯಲ್ಲಿ ತಾಲ್ಲೂಕು ಬೋರ್ಡಿನ ಸಭೆ. ಅಸ್ಪೃಶ್ಯತೆ ತೊಲಗಿಸಿದ ಪಂಚಾಯ್ತಿಯೆಂದು ಕಲ್ಲುಕುಂಟೆಯ ಚೇರ್ಮನ್ನರಿಗೆ ಹಾರ ಹಾಕುತ್ತಾರೆಂದು ಊರಲ್ಲಿ ಮಾತಾಗಿತ್ತು. ಹಾರಕ್ಕೆ ಕೊರಳು ಒಡ್ಡಬೇಕಾದರೆ ಗಡ್ಡ ತೆಗೆಸದೆ ವಿಧಿಯಿಲ್ಲ. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ?

ಅವನು ಮೊದಲು ಮುದ್ದರಂಗನ ಕುರ್ಚಿಯ ಕಡೆ ನೋಡಿದ. ಅದರಲ್ಲಿ ಒಬ್ಬ ಈಗಷ್ಟೇ ಕೂತಿದ್ದ. ಸಂಜೀವಯ್ಯ ಮುಖ ಒರೆಸಿಕೊಂಡು ಕೆಳಗಿಳಿದ. ಕುರ್ಚಿ ಖಾಲಿಯಾಯಿತು. ಬೆಂಚಿನವರು ಚೇರ್ಮನ್ನರೆಂದು ದಾರಿ ಬಿಟ್ಟರು. ಓಬಳಮ್ಮ ಬುತ್ತಿಯನ್ನು ಮತ್ತೆ ಕೈಗೆತ್ತಿಕೊಂಡಳು. ಗೌಡ ಇಲ್ಲಿ ಏನಾದರೂ ಕೂಗಾಡಿದರೆ, ಸಾಬರು ಬೇಡವೆಂದರೆ, ಇರುವ ಈ ಒಂದು ಕುರ್ಚಿಯೂ ಹೋದಂತೆ.

ಕದರಪ್ಪ ಅವಳ ಗಂಡನ ಹತ್ತಿರ ಬಂದು, ತಗ್ಗಿದ ದನಿಯಲ್ಲಿ ಕೇಳಿದ. ಜಗಲಿಯ ಮೇಲೆ ಕಿವಿಯಲ್ಲಿ ಹೇಳಿದ್ದೂ ಇದೇ ದನಿಯಲ್ಲಿರಬೇಕು.

“ಯಾವ ಕತ್ತಿ ಮೂಡ್ಲಗಿರಿ?”

ಮೂಡಲಗಿರಿಯಪ್ಪ ಕತ್ತಿಯನ್ನು ನೀರಿಗೆ ಅದ್ದಿ, ತೊಗಲ ಪಟ್ಟೆಯ ಮೇಲೆ ಎರಡು ಸಲ ಎಳೆದ.

“ಇರೋದೇ ಒಂದು ಗೌಡ್ರೆ. ಕೂತ್ಕತೀರಾ, ಇಲ್ಲ ಬೆಂಚಿನೋರ್ನ ಕರೀಲಾ?”

ಕದರಪ್ಪ ನಿಂತೇ ಇದ್ದ. ಹೊರಗೆ ಸಂತೆಯ ಗದ್ದಲ. ಓಬಳಮ್ಮ ಬುತ್ತಿಯ ಗಂಟನ್ನು ಎದೆಗೆ ಒತ್ತಿ ಹಿಡಿದಿದ್ದಳು. ಕೊನೆಗೆ ಅವನು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು, ಸಂಜೀವಯ್ಯನ ಬೆನ್ನಿನ ಬಿಸಿ ಇನ್ನೂ ಆರದ ಕುರ್ಚಿಯಲ್ಲಿ ಒರಗಿ, ಕಣ್ಣು ಮುಚ್ಚಿಕೊಂಡ. ಮೂಡಲಗಿರಿಯಪ್ಪ ಅವನ ಗಲ್ಲ ಹಿಡಿದು ಮೇಲಕ್ಕೆ ಎತ್ತಿದ. ಈ ಸಲ ಅವನ ಕೈ ತಪ್ಪಲಿಲ್ಲ.

ಓಬಳಮ್ಮ ಬುತ್ತಿ ಬಿಚ್ಚಿ ತಟ್ಟೆಗೆ ಮುದ್ದೆ ಹಾಕಿದಳು. ಆಮೇಲೆ ಕದರಪ್ಪನಿಗೂ ಕೇಳಲಿ ಎಂದು ತುಸು ಗಟ್ಟಿಯಾಗಿಯೇ ಗಂಡನಿಗೆ ಹೇಳಿದಳು: “ಗೌಡ್ರ ಗಡ್ಡ ಮುಗಿದ್ ಮ್ಯಾಲೆ ದುಡ್ ಈಸ್ಕಂಡು, ಸಂತೇಲಿ ರಾಗಿ ತಗಂಬಾ. ವಾಡೇಲಿ ಇಲ್ಲ.”